ಹಿಂದಿನ ಸ್ಪೀಕರಿನಲ್ಲಿ ಕೇಳದ ಹಾಡು

“ಹುಡುಗಿ ಬಾಯೇ ಬಿಟ್ಟಿಲ್ಲ. ಮನಸ್ಸಿಲ್ಲದಿದ್ರ ಜುಲುಮಿ ಬ್ಯಾಡ.”

ಇಷ್ಟು ಮಾತಿನ ಜೊತೆ ಕಲಬುರ್ಗಿಯ ಬ್ರಹ್ಮಪುರದ ಗಂಡಿನ ಮನೆಯಿಂದ ಕ್ಯಾಸೆಟ್ ಕಮಲಾಪುರಕ್ಕೆ ವಾಪಸ್ ಬಂತು. ತುಳಸಾಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

ಹೆಣ್ಣು ನೋಡಲು ಬಂದ ದಿನ ನೆಗಡಿಯಿಂದ ಗಂಟಲು ಕಟ್ಟಿ ಹಾಡಲು ಆಗಿರಲಿಲ್ಲ, ನಿಜ. ಆದರೆ ಹೊರಡುವಾಗ ಹುಡುಗ ಜಯತೀರ್ಥ ಮೆಲ್ಲಗೆ, “ಆರಾಮಾದ ಮ್ಯಾಲ ಕ್ಯಾಸೆಟ್‌ನಾಗ ಹಾಡಿ ಕಳಸ್ರಿ” ಎಂದಿದ್ದ. ಅವನ ಬೆರಳ ತುದಿಯಲ್ಲಿ ವೈರು ಬೆಸೆಯುವ ಸೋಲ್ಡರ್ ಸುಟ್ಟ ಕಲೆ, ತಲೆ ಎತ್ತಲೂ ನಾಚಿಕೆ. ಮನೆಯಲ್ಲೇ ನಾಲ್ಕು ಸ್ಪೀಕರಿನ ಆಂಪ್ಲಿಫಯರ್ ಕಟ್ಟುತ್ತಿದ್ದೇನೆ ಎಂದಾಗ ಮಾತ್ರ ಕಣ್ಣು ಮಿಂಚಿದ್ದವು. ತುಳಸಾ ಅಷ್ಟಕ್ಕೇ ಸೋತಿದ್ದಳು.

ಪಕ್ಕದ ಮನೆಯ ಸ್ಟೀರಿಯೊ ಟೇಪ್‌ರೆಕಾರ್ಡರ್ ತಂದು, ಅಜ್ಜಿಯನ್ನು ಹಾರ್ಮೋನಿಯಂಗೆ ಕೂರಿಸಿ, ಮನಸಾರೆ ಹಾಡಿದ್ದಳು. ಅಜ್ಜಿ ಒಳಗೆ ಹೋದ ಮೇಲೆ ಕೊನೆಗೆ ತನ್ನದೊಂದು ಮಾತನ್ನೂ ಸೇರಿಸಿದ್ದಳು. ಅದನ್ನು ಕೇಳಿಯೂ ಬೇಡ ಎಂದನೇ?

“ಬಾಜೂಕ ಕೂತು ನಾನೇ ಬಾರಿಸೀನಿ. ಹಾಡಿಲ್ಲಂದ್ರ ಹ್ಯಾಂಗ?” ಅಜ್ಜಿ ಸಾವಿತ್ರೀಬಾಯಿ ಸೆರಗು ಬಿಗಿದರು. “ಹಾಕಿ ಕೇಳಬೇಕಂದ್ರ ಬಾಜೂ ಮನಿಗೆ ಬೀಗ ಅದ. ನಡಿ, ಅವರನ್ನೇ ಕೇಳೇಬಿಡೋಣು.”

ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗುವುದುಂಟೇ ಎಂದು ಮನೆಯವರು ಗೊಣಗುವಷ್ಟರಲ್ಲಿ ಅಜ್ಜಿ, ಮೊಮ್ಮಗಳು ಕ್ಯಾಸೆಟ್ ಹಿಡಿದು ಕಲಬುರ್ಗಿ ಬಸ್ಸಿನಲ್ಲಿದ್ದರು.

ಗಂಡಿನ ಮನೆಯ ಮಹಡಿ ಕೋಣೆಯ ತುಂಬ ವೈರು, ಪ್ಲೈವುಡ್ ಚೂರು. ಜಯತೀರ್ಥ ಗಾಬರಿಯಿಂದ ಎದ್ದು ನಿಂತ. “ನೀವು?”

“ಹೌದ್ರಿ, ನಾನೇ. ಬಾಯಿಲ್ಲದಾಕಿ.”

ಅವನ ಮುಖ ಕೆಂಪಾಯಿತು. ಅವಳು ತಂದಿದ್ದ ಕ್ಯಾಸೆಟ್ ತೆಗೆದುಕೊಂಡು ಹಾಕಿದ. ಹಾರ್ಮೋನಿಯಂ ಕೇಳಿತು, ನಡುವೆ ಅಜ್ಜಿಯ ಕೆಮ್ಮೂ ಕೇಳಿತು. ತುಳಸಾಳ ದನಿ ಮಾತ್ರ ಇಲ್ಲವೇ ಇಲ್ಲ.

“ನೋಡ್ರಿ, ನಾ ಸುಳ್ಳು ಹೇಳಿದ್ನೇನು?” ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಇಂದೂಬಾಯಿ ಅಂದರು.

ತುಳಸಾಳ ಕಣ್ಣು ತುಂಬಿ ಬಂದವು. “ಅಜ್ಜೀ, ನಾ ಹಾಡಿದ್ದು ಖರೇ ಹೌದಲ್ಲ?”

ಆ ಕಣ್ಣೀರು ಕಂಡು ಜಯತೀರ್ಥ ತಡಬಡಾಯಿಸಿದ. “ಹಾಡೂಮುಂದ ಟೇಪಿನ ಎದುರು ಎಲ್ಲಿ ಕೂತಿದ್ರಿ?”

“ನಟ್ಟನಡುವ. ಅಜ್ಜಿ ಒಂದು ಬಾಜೂ.”

ಅವನು ಹಣೆ ಚಚ್ಚಿಕೊಂಡ. “ತಪ್ಪು ನಂದೇ ಅದರೀ! ಮುಂದಿನ ಎರಡು ಸ್ಪೀಕರಿನ ಕಟ್ಟಿಗಿ ಡಬ್ಬಿ ಇನ್ನೂ ಆಗಿಲ್ಲ. ಹಿಂದಿನ ಎರಡರಾಗೇ ಕೇಳಿಬಿಟ್ಟೆ. ಎಡಕ್ಕೂ ಬಲಕ್ಕೂ ಒಂದೇ ಸಮ ಇರೋ ದನಿ ಹಿಂದಿನವಕ್ಕ ಹೋಗಬಾರದು ಅಂತ ನಾನೇ ಕಟ್ಟೀನಿ. ನೀವು ನಡುವ ಕೂತು ಹಾಡೀರಿ, ಪೂರಾ ಕಳದುಹೋಗ್ಯದ.”

“ಡಬ್ಬಿ ಆಗೋತನಕ ತಡೀಬಾರದೇನ್ರಿ? ಅಷ್ಟೇನು ಅವಸರ?”

“ನಿಮ್ಮ ದನಿ ಕೇಳೋದಿತ್ತಲ್ಲ” ಎಂದ ಅವನು, ನೆಲ ನೋಡುತ್ತ.

ತುಳಸಾ ಕಣ್ಣೊರೆಸಿಕೊಳ್ಳುವ ನೆಪದಲ್ಲಿ ನಗು ಮುಚ್ಚಿಕೊಂಡಳು.

ಡಬ್ಬಿಯಿಲ್ಲದ ಮುಂದಿನ ಎರಡು ಸ್ಪೀಕರುಗಳನ್ನು ಅವನು ದಿಂಬಿಗೆ ಒರಗಿಸಿ, ವೈರು ಸುತ್ತಿದ. ಕ್ಯಾಸೆಟ್ ಮೊದಲಿನಿಂದ ಶುರುವಾಯಿತು. ತುಳಸಾಳ ದನಿ ತುಂಬಿದ ಕೊಡದ ಹಾಗೆ ಕೋಣೆಯ ನಡುವೆ ಬಂದು ನಿಂತಿತು. ಅಬ್ಬಾ! ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಇಂದೂಬಾಯಿ ಅಲ್ಲೇ ಕೂತು ತಲೆದೂಗಿದರು.

ಹಾಡು ಮುಗಿಯಿತು. ಆಗ ತುಳಸಾಗೆ ಕೊನೆಯ ಮಾತು ನೆನಪಾಯಿತು. ಹಿರಿಯರಿಬ್ಬರೂ ಇಲ್ಲೇ ಕೂತಿದ್ದಾರಲ್ಲ! ಗಡಬಡಿಸಿ ಬಟನ್ನಿಗೆ ಕೈ ಚಾಚಿದಳು. ಜಯತೀರ್ಥ ಅದರ ಮೇಲೆ ಅಂಗೈ ಮುಚ್ಚಿದ.

“ಪೂರ್ತಿ ಕೇಳ್ತೀನಿ. ಒಮ್ಮೆ ಕಳಕೊಂಡೀನಿ.”

ಸ್ಪೀಕರು ಸ್ಪಷ್ಟವಾಗಿ ನುಡಿಯಿತು: “ನನಗ ಒಪ್ಪಿಗೆ ಅದರೀ. ನಿಮಗ?”

“ಅಯ್ಯ, ಇದ್ಯಾವಾಗ ಸೇರಿಸಿದಿ?” ಅಜ್ಜಿ ಬಾಯಿಮೇಲೆ ಕೈಯಿಟ್ಟರು. ಇಂದೂಬಾಯಿ ನಗು ತಡೆಯಲಾರದೆ, “ಬರ್ರಿ, ಚಹಾ ಕುಡಿಯೋಣು” ಎಂದು ಅವರನ್ನು ಕರೆದುಕೊಂಡು ಕೆಳಗಿಳಿದರು.

ಜಯತೀರ್ಥ ಇನ್ನೂ ಟೇಪನ್ನೇ ನೋಡುತ್ತಿದ್ದ. “ಜವಾಬು ರೆಕಾರ್ಡ್ ಮಾಡಿ ಕಳಸ್ಲೇನು?”

“ಬ್ಯಾಡ್ರಿ! ನಿಮ್ಮ ಮಷೀನಿನ ಭರವಸೆ ನನಗಿಲ್ಲ. ಎದುರಿಗೇ ಕೂತೀನಿ, ಬಾಯಿಲೇ ಹೇಳ್ರಿ.”

ಅವನು ಸ್ವಿಚ್ ಆರಿಸಿದ. ತಲೆ ಎತ್ತಿ, ಮೊದಲ ಸಲ ಅವಳನ್ನೇ ನೋಡುತ್ತ ಹೇಳಿದ: “ನನಗೂ ಒಪ್ಪಿಗೆ ಅದರೀ.”