ದೋಣಿಯ ಮೂತಿಯಲ್ಲಿ ಬಬಲ್‌ಗಮ್

"ಆಯ್ತೇನೇ, ಟಾರ್ಚ್?" ಹೊರಗಿನಿಂದ ಅತ್ತೆ ಕೂಗಿದಳು.

ಟಾರ್ಚ್ ಎಂಬ ಆ ಹುಡುಗಿ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಬಾಯಲ್ಲಿ ಒಟ್ಟಿಗೆ ನಾಲ್ಕು ಬಬಲ್‌ಗಮ್ ಇದ್ದವು.

"ಹ್ಞೂಂ... ಹ್ಞೂಂ..." ಎಂದಷ್ಟೇ ಹೇಳಿ, ಇನ್ನೂ ಜೋರಾಗಿ ಜಗಿದಳು.

ಅವಳು ದೋಣಿಯ ಮೂತಿಯೊಳಗೆ ಬೋರಲಾಗಿ ಮಲಗಿದ್ದಳು. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಮನೆಯವರ ಪೈಕಿ ಹಿಡಿಸುವುದು ಅವಳೊಬ್ಬಳೇ. ಅದಕ್ಕೇ ಅಲ್ಲಿನ ಸಂದಿಗೆ ಅಂಟು ತುಂಬುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಆ ಅಂಟು ಸಾಮಾನ್ಯದ್ದಲ್ಲ. ಎರಡು ಡಬ್ಬಿಗಳಿಂದ ಸಮಸಮ ತೆಗೆದು ಕಲಸಬೇಕು. ಕಲಸಿದ ಮೇಲೆ ಇಪ್ಪತ್ತೇ ನಿಮಿಷ, ಅಷ್ಟರಲ್ಲಿ ಬಳಿದು ಮುಗಿಸಬೇಕು. ಟಾರ್ಚ್ ಆಗಲೇ ಒಮ್ಮೆ ಕಲಸಿಟ್ಟಿದ್ದಳು. ಅಷ್ಟರಲ್ಲಿ ಗೇಟಿನ ಹತ್ತಿರ ಗೆಳತಿ ಬಂದಳು. "ಭಾನುವಾರ ಕೆರೆ ಹತ್ರ ಬಾ. ನಮ್ಮ ಮೋಟರ್ ಬೋಟು ಹೊರಡುತ್ತೆ. ಇಂಥದ್ದು ನಮ್ಮ ಕ್ಲಾಸಲ್ಲಿ ಯಾರ ಮನೇಲೂ ಇಲ್ಲ" ಎಂದು ಟಾರ್ಚ್ ಅವಳ ಮುಂದೆ ಜಂಬ ಕೊಚ್ಚಿಕೊಳ್ಳುವುದರಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಗೆಳತಿ ಮೆಚ್ಚಿ ನಾಲ್ಕು ಬಬಲ್‌ಗಮ್ ಕೊಟ್ಟು ಹೋದಳು.

ಬಂದು ನೋಡಿದರೆ ಬಟ್ಟಲಿನ ಅಂಟು ಕಲ್ಲಾಗಿತ್ತು. ಸುತ್ತಿಗೆಯಿಂದ ಕುಟ್ಟಿದರೆ ಠಣ್ ಎಂದಿತು! ಡಬ್ಬಿಗಳ ತಳ ಕೆರೆದು ಇನ್ನೊಂಚೂರು ಕಲಸಿದಳು. ಆದರೂ ಒಂದು ಗೇಣು ಸಂದು ಹಾಗೇ ಉಳಿಯಿತು.

"ಇದಿಷ್ಟೇ ಇರೋದು, ನೋಡ್ಕೊಂಡು ಬಳಿ" ಎಂದು ಅತ್ತೆ ಬೆಳಿಗ್ಗೆಯೇ ಹೇಳಿದ್ದಳು.

"ಏಯ್, ಆಯ್ತಾ ಇಲ್ವಾ?"

ಟಾರ್ಚ್ ಬಾಯಲ್ಲಿದ್ದದ್ದನ್ನೆಲ್ಲ ತೆಗೆದು ಉದ್ದಕ್ಕೆ ಹೊಸೆದಳು. ಸಂದಿಗೆ ಒತ್ತಿದಳು. ಮೇಲೆ ನೀಲಿ ಬಣ್ಣ ಹಚ್ಚಿದಳು. ಏನೂ ಕಾಣಿಸಲಿಲ್ಲ.

"ಆಯ್ತು ಅತ್ತೆ!"

ಅವಳಿಗೆ ಟಾರ್ಚ್ ಎಂದು ಹೆಸರಿಟ್ಟವಳು ಅತ್ತೆಯೇ. ಅತ್ತೆಗೆ ಮಿಕ್ಸಿ, ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಟಾರ್ಚ್ ಹಿಡಿದು ನಿಲ್ಲುವುದು ಈ ಹುಡುಗಿಯ ಕೆಲಸ. ಕೊನೆಗೆ ಮನೆಯವರು, ಬೀದಿಯವರು ಎಲ್ಲರಿಗೂ ಅವಳು ಟಾರ್ಚ್ ಆಗಿಬಿಟ್ಟಳು.

ದೋಣಿಯ ಹುಚ್ಚೂ ಅತ್ತೆಯದೇ. ಕಡಿಮೆ ಖರ್ಚಿನ ಹುಚ್ಚು ಅನ್ನಬೇಕು. ಎಂಜಿನ್ ಹುಲ್ಲು ಕತ್ತರಿಸುವ ಹಳೇ ಮೆಷಿನ್ನಿನದು, ಗುಜರಿಯಿಂದ ಬಂದಿತ್ತು. ಪ್ಲೈವುಡ್ ಹಲಗೆಗಳು ಮುಚ್ಚಿಹೋದ ಚಪ್ಪಲಿ ಅಂಗಡಿಯ ಬೋರ್ಡುಗಳು. ತಾತ ಮೊದಲು ಬಡಗಿಯಾಗಿದ್ದವರು. ಹಲಗೆಗಳನ್ನು ಬಗ್ಗಿಸಿ ಚೆಂದದ ದೋಣಿ ಮಾಡಿದರು. ಒಳಗಡೆ ಮೂತಿಯ ಆಚೆಗೆ ನೀಲಿ ಬಣ್ಣ ಸಾಲದೆ, ಬೋರ್ಡಿನ ಅಕ್ಷರಗಳು ಹಾಗೇ ಉಳಿದವು. ದೋಣಿಯೊಳಗೆ ಬಗ್ಗಿ ನೋಡಿದರೆ, ತಳದಲ್ಲಿ ದಪ್ಪ ಕೆಂಪು ಅಕ್ಷರಗಳಲ್ಲಿ "ಒಳಗೆ ಬನ್ನಿ" ಎಂದಿತ್ತು.

ಭಾನುವಾರ ಬಂದೇ ಬಂತು. ಕೆರೆಯ ದಡದಲ್ಲಿ ಅರ್ಧ ಬೀದಿಯೇ ಸೇರಿತ್ತು. ಅಪ್ಪ, ಅಮ್ಮ, ಟಾರ್ಚಿನ ಗೆಳತಿ, ಇಸ್ತ್ರಿ ಅಂಗಡಿಯ ಅಂಕಲ್, ಯಾರ್ಯಾರೋ.

"ಮೊದಲನೇ ಸವಾರಿ ಅಪ್ಪಂದು" ಎಂದಳು ಅತ್ತೆ, ತಾತನ ಕಡೆ ಕೈ ತೋರಿಸಿ.

ತಾತ ಎರವಲು ತಂದ ಲೈಫ್ ಜಾಕೆಟ್ ಹಾಕಿಕೊಂಡು, ಮದುಮಗನ ಹಾಗೆ ಗತ್ತಿನಿಂದ ಹತ್ತಿದರು. ಹೋಗಿ ಸರಿಯಾಗಿ ಮೂತಿಯ ಹತ್ತಿರವೇ ಕೂತರು. ಅವರಿಗೆ ಈಜು ಬರುತ್ತಿರಲಿಲ್ಲ.

ಟಾರ್ಚ್ ದಡದಿಂದಲೇ ದೋಣಿಯ ಮೂತಿಯನ್ನು ದಿಟ್ಟಿಸಿದಳು. ಬಬಲ್‌ಗಮ್ ಗಟ್ಟಿ ಇರುತ್ತೆ ಎಂದುಕೊಂಡಳು. ಚಪ್ಪಲಿಗೆ ಅಂಟಿದರೆ ಬಿಡುವುದೇ ಇಲ್ಲವಲ್ಲ!

ಅತ್ತೆ ಎಂಜಿನ್ನಿನ ಹಗ್ಗ ಎಳೆದಳು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ "ಬುರ್ರ್‌ರ್" ಎಂದಿತು. ದೋಣಿ ಅಲುಗಿತು. ಜನ ಚಪ್ಪಾಳೆ ತಟ್ಟಿದರು. ತಾತ ಕೈ ಬೀಸಿದರು.

ಆ ಕೈ ನೋಡಿದ್ದೇ ಟಾರ್ಚ್ ನೀರಿಗೆ ನುಗ್ಗಿದಳು. ಮೊಣಕಾಲುದ್ದ ನೀರಿನಲ್ಲಿ ಓಡಿ ದೋಣಿಯ ಅಂಚು ಹಿಡಿದುಕೊಂಡಳು.

"ನಿಲ್ಸು ಅತ್ತೆ! ತಾತ, ಇಳೀರಿ!"

"ಏನೇ ಅದು? ಕೇಳಿಸ್ತಿಲ್ಲ!"

"ಅಲ್ಲಿ ಅಂಟಿಲ್ಲ!"

"ಏನು?" ಎನ್ನುತ್ತ ಅತ್ತೆ ಪಟ್ಟನೆ ಎಂಜಿನ್ ಆಫ್ ಮಾಡಿದಳು.

"ಬಬಲ್‌ಗಮ್ ಇಟ್ಟಿದೀನಿ!"

ಎಂಜಿನ್ ಸದ್ದು ನಿಂತಿದ್ದರಿಂದ, ಆ ಕೂಗು ಆಚೆ ದಡಕ್ಕೂ ಕೇಳಿಸಿತು.

ತಾತ ಮೆಲ್ಲಗೆ ಕಾಲೆತ್ತಿ ಕೆಳಗೆ ನೋಡಿದರು. ಅರ್ಧ ನೀಲಿ, ಅರ್ಧ ಗುಲಾಬಿ ಬಣ್ಣದ ಉದ್ದನೆಯ ತುಂಡೊಂದು ಅವರ ಪಾದದ ಹತ್ತಿರ ತೇಲುತ್ತಿತ್ತು. ನೀರು ಸದ್ದಿಲ್ಲದೆ ಕೆಂಪು ಅಕ್ಷರಗಳ ಮೇಲೆ ಹರಡುತ್ತಿತ್ತು.

ಇಸ್ತ್ರಿ ಅಂಕಲ್ ಬಗ್ಗಿ ನೋಡಿದರು. "ಒಳಗೆ ಬನ್ನಿ ಅಂತ ನೀವೇ ಬರೆದಿದೀರಲ್ಲಕ್ಕಾ! ನೀರಿಗೂ ಓದೋಕೆ ಬರುತ್ತೆ ಅಂತ ಕಾಣುತ್ತೆ!"

ದಡವೆಲ್ಲ ಗೊಳ್ಳೆಂದಿತು. ಗೆಳತಿಯೂ ನಕ್ಕಳು. ಟಾರ್ಚಿನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಅತ್ತೆ ಮಾತ್ರ ನಗಲಿಲ್ಲ.

"ಮೇಲಕ್ಕೆ ಎಳೀರಿ" ಎಂದಳು. ಅಷ್ಟೇ.

ದೋಣಿ ಮನೆಗೆ ವಾಪಸ್ ಬಂತು. ದಾರಿಯುದ್ದಕ್ಕೂ ಅತ್ತೆ ಮಾತೇ ಆಡಲಿಲ್ಲ. ಅದಕ್ಕಿಂತ ನಾಲ್ಕು ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಟಾರ್ಚಿಗೆ.

ಸಂಜೆ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದರೆ, ತಾತ ದೋಣಿಯ ಪಕ್ಕದಲ್ಲಿ ಕೂತು ಸ್ಕ್ರೂ ಬಿಚ್ಚುತ್ತಿದ್ದರು.

"ತಾತ, ಅಲ್ಲಿ ಸೋರಲಿಲ್ಲವಲ್ಲ. ಅದನ್ಯಾಕೆ ಬಿಚ್ತೀರಾ?"

ತಾತ ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಹಿತ್ತಾಳೆ ಸ್ಕ್ರೂ ಸಾಲಲಿಲ್ಲ ಕಣೇ. ಹಳೇ ಮಂಚದ ಕಬ್ಬಿಣದ್ದು ನಾಲ್ಕು ಹಾಕ್ಬಿಟ್ಟಿದ್ದೆ. ನೀರಲ್ಲಿ ತುಕ್ಕು ಹಿಡಿಯುತ್ತೆ. ಮತ್ತೆ ಖರ್ಚು ಅಂದ್ರೆ ನಿಮ್ಮತ್ತೆ ಮುಖ ಊದಿಸ್ಕೋತಾಳೆ ಅಂತ ಸುಮ್ನಿದ್ದೆ."

"ಈಗ?"

"ಈಗ ಊದಿಸ್ಕೊಂಡಿದಾಳಲ್ಲ, ಇದೂ ಸೇರ್ಲಿ ಬಿಡು."

ಟಾರ್ಚಿಗೆ ನಗು ಬಂತು. ಆದರೆ ನಗಲು ಧೈರ್ಯ ಸಾಲಲಿಲ್ಲ. ಏಕೆಂದರೆ ದೋಣಿಯ ಹಿಂಭಾಗದಿಂದ ಅತ್ತೆಯ ದನಿ ಬಂತು.

"ಟಾರ್ಚ್ ತಗೊಂಡು ಇಲ್ಲಿ ಬಾರೇ."

ಅತ್ತೆ ಎಂಜಿನ್ ಕೆಳಗೆ ತಲೆ ತೂರಿಸಿದ್ದಳು. ಟಾರ್ಚ್ ಬೆಳಕು ಬಿಟ್ಟಳು. ಎಂಜಿನ್ನನ್ನು ದೋಣಿಗೆ ಬಿಗಿದಿದ್ದ ಕಡೆ ನಾಲ್ಕು ತೂತುಗಳಿದ್ದವು. ಮೂರರಲ್ಲಿ ಬೋಲ್ಟು ಇತ್ತು. ನಾಲ್ಕನೆಯದರಲ್ಲಿ ಬರೀ ತಂತಿ ಸುತ್ತಿತ್ತು.

"ಬೆಳಕು ಈ ಕಡೆ ಹಿಡಿ" ಎಂದಳು ಅತ್ತೆ ತಟ್ಟನೆ.

ಟಾರ್ಚ್ ಬೆಳಕನ್ನು ಆಚೆ ತಿರುಗಿಸಿದಳು.

ಅತ್ತೆ ಉಸಿರು ಬಿಟ್ಟಳು. "ಇರ್ಲಿ. ಅಲ್ಲೇ ಹಿಡಿ."

ಟಾರ್ಚ್ ಮತ್ತೆ ತಂತಿಯ ಮೇಲೆ ಬೆಳಕು ಬಿಟ್ಟಳು.

"ಅಳತೆಗೆ ಸರಿಯಾದ ಬೋಲ್ಟು ಸಿಕ್ಕಿರಲಿಲ್ಲ. ಭಾನುವಾರ ಬನ್ನಿ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದೆ. ಕೆರೇಲಿ ಒಂದು ಸುತ್ತು ಹೊಡೆಯೋಕೆ ತಂತಿ ಸಾಕಾಗುತ್ತೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ ಅತ್ತೆ."

"ಗೊತ್ತು." ಅತ್ತೆ ಇಕ್ಕಳದಿಂದ ತಂತಿ ಕತ್ತರಿಸಿದಳು. "ಆದ್ರೆ ನೀನು ಬಂದು ಕೂಗಿದೆ. ನಾನು ನೋಡು, ಸ್ಟಾರ್ಟ್ ಮಾಡ್ತಾ ಕೂತಿದ್ದೆ."

ಮುಂದಿನ ವಾರವೆಲ್ಲ ಅಂಗಡಿಗೆ ಬಂದ ಮಿಕ್ಸಿಗಳ ರಿಪೇರಿ ದುಡ್ಡಿನಿಂದ ಅಂಟು ಬಂತು, ಬೋಲ್ಟು ಬಂತು, ನಾಲ್ಕು ಹಿತ್ತಾಳೆ ಸ್ಕ್ರೂ ಬಂತು. ಸ್ಕ್ರೂ ವಿಷಯ ಕೇಳಿ ಅತ್ತೆ ಮುಖ ಊದಿಸಿಕೊಳ್ಳಲಿಲ್ಲ. "ಅಪ್ಪಾ, ನೀನೂನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಟಾರ್ಚ್ ಮತ್ತೆ ಮೂತಿಯೊಳಗೆ ತೂರಿಕೊಂಡು ಅಂಟು ಬಳಿದಳು. ಗೆಳತಿ ಗೇಟಿನಲ್ಲಿ ಎರಡು ಸಲ ಕರೆದರೂ ಹೊರಗೆ ಬರಲಿಲ್ಲ.

ಈ ಸಲ ಯಾರಿಗೂ ಹೇಳಿರಲಿಲ್ಲ. ದಡದಲ್ಲಿ ತಾತ ಒಬ್ಬರೇ ಇದ್ದರು.

"ಮೊದಲು ನೀವಿಬ್ರು ಹೋಗಿ ಬನ್ನಿ. ನನಗೇನು ಅವಸರ ಇಲ್ಲಪ್ಪ" ಎಂದು ಅವರು ದಡದಲ್ಲೇ ಗಟ್ಟಿಯಾಗಿ ಕೂತರು.

ಎಂಜಿನ್ "ಬುರ್ರ್‌ರ್" ಎಂದಿತು. ದೋಣಿ ಹೊರಟಿತು! ಭಾರೀ ವೇಗವೇನೂ ಇರಲಿಲ್ಲ. ಬಾತುಕೋಳಿಯೊಂದು ಪಕ್ಕದಿಂದಲೇ ಅವರನ್ನು ಹಿಂದೆ ಹಾಕಿ ಹೋಯಿತು. ಆದರೂ ಮುಖಕ್ಕೆ ಗಾಳಿ ಬಡಿಯಿತು, ಹಿಂದೆ ನೀರು ಎರಡು ಭಾಗವಾಗಿ ಬಿಚ್ಚಿಕೊಂಡಿತು. ಅತ್ತೆ ಚಿಕ್ಕ ಹುಡುಗಿಯ ಹಾಗೆ "ಹೋಯ್!" ಎಂದು ಕೂಗಿದಳು.

ಕೆರೆಯ ನಡುವೆ ಬಂದಾಗ ಟಾರ್ಚಿನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ಬಗ್ಗಿ ನೋಡಿದಳು. ಪಕ್ಕದ ಹಲಗೆಯ ಮೂಲೆಯಲ್ಲಿ ನೀರು ಜಿನುಗಿತ್ತು. ಪಾದ ಇಟ್ಟು ಮುಚ್ಚಿದರೆ ಕಾಣಿಸದಷ್ಟು. ಅತ್ತೆಯ ಮುಖ ನೋಡಿದಳು. ಎಷ್ಟು ಖುಷಿಯಾಗಿತ್ತು ಅದು!

"ಅತ್ತೆ, ಇಲ್ಲಿ ನೀರು ಬಂದಿದೆ."

"ಎಷ್ಟು?"

"ಒಂದು ಚಮಚದಷ್ಟು."

"ಸರಿ, ಬಟ್ಟೇಲಿ ಒರೆಸು. ಜಾಸ್ತಿ ಆದ್ರೆ ಹೇಳು. ದಡಕ್ಕೆ ಹೋದ್ಮೇಲೆ ನೋಡೋಣ."

ಅತ್ತೆ ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಟಾರ್ಚ್ ಕಾದಳು. ಅತ್ತೆ ಮತ್ತೆ ಮುಂದಿನ ನೀರಿನ ಕಡೆ ನೋಡಿದಳು. ಎಂಜಿನ್ ತನ್ನ ಪಾಡಿಗೆ ತಾನು ಬುರ್ರೆನ್ನುತ್ತಿತ್ತು.

ಅವಳು ಮೂಲೆಯನ್ನು ಒರೆಸಿ, ಬಟ್ಟೆಯನ್ನು ದೋಣಿಯ ಆಚೆ ಹಿಂಡಿದಳು. ಹೇಳಿಬಿಟ್ಟ ಮೇಲೆ ಅದು ಬರೀ ಒಂದು ಚಮಚ ನೀರಾಗಿತ್ತು.

ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಟಾರ್ಚ್ ಮುಂದಕ್ಕೆ ನೋಡುತ್ತ ಕೂತಳು. ಆ ಬಾತುಕೋಳಿ ಅಷ್ಟೇನೂ ದೂರ ಹೋಗಿರಲಿಲ್ಲ.