ಎತ್ತಲೇ, ಬೇಡವೇ?

ಏಪ್ರಿಲ್ ಒಂಬತ್ತು, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಅಮೆರಿಕದ ಮೊಂಟಾನಾದ ಬಿಗ್ ಟಿಂಬರ್ ಬಳಿಯ ಕುರಿ ಕೊಟ್ಟಿಗೆಯೊಂದರಲ್ಲಿ ಉಣ್ಣೆ ಕತ್ತರಿಸುತ್ತಿದ್ದ ಮಾರ್ಲಿಸ್, ತನ್ನ ಗೆಳೆಯ ವೆಂಡೆಲ್‌ನ ಕರೆಯನ್ನು ಮೂರನೆಯ ಸಲ ತಿರಸ್ಕರಿಸಿದಳು.

ಫೋನನ್ನು ಮುಟ್ಟಲಿಲ್ಲ. ಉಣ್ಣೆ ಕತ್ತರಿಸುವವರ ಎರಡು ಕೈಗಳೂ ಕುರಿಯ ಮೇಲಿರಬೇಕು. ಅರ್ಧ ಕತ್ತರಿಸಿ ಕುರಿಯನ್ನು ಬಿಟ್ಟೇಳುವುದು ಆ ಕಸುಬಿನಲ್ಲಿ ಅವಮಾನ. ಗೋಡೆಯ ಮೊಳೆಗೆ ತೂಗುಹಾಕಿದ್ದ ಫೋನ್, ಕರೆ ಬಂದಾಗ ಹೆಸರು ಹೇಳಿ ‘ಎತ್ತಲೇ?’ ಎಂದು ಕೇಳುತ್ತಿತ್ತು. ಅವಳು ಯಂತ್ರ ನಿಲ್ಲಿಸಿ ಉತ್ತರಿಸುತ್ತಿದ್ದಳು.

“ಬೇಡ ಅಂದೆನಲ್ಲ!”

ಪಕ್ಕದಲ್ಲಿ ಬ್ಲೇಡ್ ಬದಲಿಸುತ್ತಿದ್ದ ಮುದುಕ ಪೆಲ್ಲೋ ನಕ್ಕ. “ಫೋನ್ ಏನ್ ಮಾಡ್ತು ಮಗಳೇ, ಅದರ ಮೇಲೆ ರೇಗ್ತೀಯಲ್ಲ?”

“ಈಸ್ಟರ್ ಊಟದ ದಿನ ನಾನಾಗೇ ಕೇಳ್ದೆ, ಮದುವೆ ಆಗೋಣ್ವಾ ಅಂತ. ‘ಸ್ವಲ್ಪ ಟೈಮ್ ಕೊಡು’ ಅಂದ. ಒಂಬತ್ತು ದಿನ ಆಯ್ತು. ಉಣ್ಣೆ ಬೆರಳಿಗೆ ಸೋಕಿದ ತಕ್ಷಣ ದರ್ಜೆ ಹೇಳೋ ಮಹಾಶಯನಿಗೆ ನನ್ನ ವಿಷಯಕ್ಕೆ ಒಂಬತ್ತು ದಿನ ಬೇಕಾ?”

ಫೋನ್ ಮತ್ತೆ ಬಾಯಿಬಿಟ್ಟಿತು. “ವೆಂಡೆಲ್ ಹೌಗೆನ್ ಅವರ ಕರೆ. ಎತ್ತಲೇ?”

“ಎತ್ತು,” ಎಂದ ಪೆಲ್ಲೋ.

ಫೋನಿಗೆ ಯಾರ ದನಿಯಾದರೇನು? ಕರೆ ತಗುಲಿತು.

“ಮಾರ್ಲಿಸ್? ಇಟ್ಬಿಡಬೇಡ.”

ಅವಳು ಪೆಲ್ಲೋನನ್ನು ಸುಟ್ಟುಬಿಡುವಂತೆ ನೋಡಿದಳು. ಅವನು ಬ್ಲೇಡಿನ ಮೇಲೆ ಬಗ್ಗಿದ. ಕರೆ ನಿಲ್ಲಿಸಲು ಒಂದು ಮಾತು ಸಾಕಿತ್ತು. ಅವಳು ಅದನ್ನು ಆಡಲಿಲ್ಲ.

“ಟೆಕ್ಸಸ್‌ನ ಉಣ್ಣೆ ಗೋದಾಮಿಗೆ ಕೆಲಸಕ್ಕೆ ಕರೆದಿದ್ರು,” ಎಂದ ವೆಂಡೆಲ್. “ದರ್ಜೆ ನೋಡೋರಿಗೆಲ್ಲ ಮುಖ್ಯಸ್ಥನಾಗಿ. ಸಾವಿರದ ಮುನ್ನೂರು ಮೈಲಿ ದೂರ. ಆಗಲ್ಲ ಅಂತ ಅವರಿಗೆ ಹೇಳಿ ಮುಗಿಸಿದ ಮೇಲೇ ನಿನಗೆ ಹೇಳೋಣ ಅಂದ್ಕೊಂಡೆ. ಬೆಳಿಗ್ಗೆ ಹೇಳ್ದೆ. ಈಗ ನಿನಗೆ ಹೂಂ ಅಂತಿದ್ದೀನಿ.”

ಪೆಲ್ಲೋ ಅಭಿನಂದಿಸುವಂತೆ ಟೋಪಿ ತೆಗೆದ.

“ಹೂಂ ಅಂತೆ!” ಮಾರ್ಲಿಸ್‌ಳ ದನಿಗೆ ಕುರಿ ಬೆಚ್ಚಿತು. ಅವಳು ಅದನ್ನು ಮೊಣಕಾಲಿನಿಂದ ಒತ್ತಿಹಿಡಿದಳು. “ನನಗೋಸ್ಕರ ಬಿಟ್ಟೆ ಅಂತ ನಲವತ್ತು ವರ್ಷ ಹಂಗಿಸೋಕಾ? ನನ್ನನ್ನ ಒಂದು ಮಾತು ಕೇಳಿದ್ಯಾ?”

“ನಿನ್ನ ಕೆಲಸ ಇಲ್ಲಿದೆಯಲ್ಲ...”

“ಟೆಕ್ಸಸ್‌ನಲ್ಲಿ ಕುರಿಗೆ ಉಣ್ಣೆ ಬೆಳೆಯಲ್ವಾ?”

“ಬೆಳೆಯುತ್ತೆ,” ಎಂದ ವೆಂಡೆಲ್. “ತುಂಬಾನೇ. ಬರ್ತೀಯಾ?”

“ಇದನ್ನ ಕೇಳೋಕೆ ಒಂಬತ್ತು ದಿನ! ಬರ್ತೀನಿ. ಇನ್ನೊಂದ್ಸಲ ನನ್ನ ಪರವಾಗಿ ನೀನೇ ತೀರ್ಮಾನ ಮಾಡಿ ನೋಡು, ಆಮೇಲಿದೆ ನಿನಗೆ.”

“ಮಾಡಲ್ಲ.” ಅವನ ದನಿ ಮೆತ್ತಗಾಯಿತು. “ಮುಖ ಕೆಂಪಾಗಿದೆಯಾ?”

“ಆಗಿದೆ. ಕೋಪಕ್ಕೆ.”

“ಸುಳ್ಳು,” ಎಂದು ಪೆಲ್ಲೋ ಫೋನಿಗೆ ಕೇಳುವಂತೆ ಕೂಗಿದ. “ನಗ್ತಾ ಇದ್ದಾಳೆ!”

ಆ ಸಂಜೆಯೊಳಗೆ ಮಾರ್ಲಿಸ್ ಇನ್ನೂ ಅರವತ್ತೆಂಟು ಕುರಿಗಳ ಉಣ್ಣೆ ಕತ್ತರಿಸಿದಳು. ವೆಂಡೆಲ್ ಮಧ್ಯಾಹ್ನ ಎರಡು ಗಂಟೆಗೆ ಟೆಕ್ಸಸ್‌ಗೆ ಫೋನ್ ಮಾಡಿದ. ಕೆಲಸವನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.