ಕಪ್ಪಿನ ಮೇಲೆ ಬಿಳಿ

"ಆಂಟಿ, ನನ್ನ ಪ್ರೋಗ್ರಾಮ್ ಇಂಥ ತಪ್ಪು ಮಾಡಲ್ಲ," ಎಂದಳು ಸ್ಪಂದನಾ, ಕೂರುವ ಮೊದಲೇ.

೨೦೧೪ರ ಮಾತು, ಸಿಂಗಾಪುರದ್ದು. ಟ್ಯಾಂಪಿನೀಸ್‌ನಲ್ಲಿ ಸತ್ಯವತಿ ಆಂಟಿಯ ಪಕ್ಕದ ಫ್ಲ್ಯಾಟ್ ನಮ್ಮದು. ಗಣಿತ ಪಾಠ ಹೇಳಿ ನಿವೃತ್ತರಾಗಿದ್ದ ಆಂಟಿ ಇಲ್ಲಿನ ಕನ್ನಡದವರ ಎಷ್ಟೋ ಗೋಜಲು ಬಿಡಿಸಿದ್ದರು. ಅವರ ಜೊತೆ ಓಡಾಡುತ್ತಿದ್ದವಳು ನಾನು, ಮೀರಾ.

ಸ್ಪಂದನಾ ಜುರಾಂಗ್ ಕಡೆಯ ಪೇಂಟ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಯಾವ ಬಣ್ಣವನ್ನು ಯಾವ ಟ್ಯಾಂಕಿನಲ್ಲಿ ಯಾವಾಗ ಕಲಸಬೇಕೆಂದು ಅವಳ ಪ್ರೋಗ್ರಾಮೇ ನಿರ್ಧರಿಸುತ್ತಿತ್ತು. ಹಿಂದಿನ ದಿನ, ಕಪ್ಪು ಕಲಸಿದ ಟ್ಯಾಂಕಿಗೇ ತೊಳೆಯದೆ ಬಿಳಿ ಸುರಿದು, ಆಸ್ಪತ್ರೆಯೊಂದಕ್ಕೆ ಹೋಗಬೇಕಿದ್ದ ಬಣ್ಣವೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು. ಅವಳ ಕೆಲಸ ಹೋಗುವುದರಲ್ಲಿತ್ತು, ಅದರ ಬೆನ್ನಿಗೇ ಈ ದೇಶದಲ್ಲಿರಲು ಬೇಕಾದ ವರ್ಕ್ ಪಾಸ್.

"ಅದು ಶೆಡ್ಯೂಲ್ ಹೇಗೆ ಮಾಡತ್ತೆ?" ಎಂದರು ಆಂಟಿ.

"ಮೊದಲು ಹೇಗ್ಹೇಗೋ ನೂರಾರು ಶೆಡ್ಯೂಲ್ ಹುಟ್ಟಿಸತ್ತೆ. ಎಷ್ಟು ಒಳ್ಳೇದು ಅಂತ ಒಂದೊಂದಕ್ಕೂ ಸ್ಕೋರ್ ಹಾಕಿ, ಚೆನ್ನಾಗಿರೋದನ್ನ ಉಳಿಸಿ, ಒಂದರ ತುಂಡಿಗೆ ಇನ್ನೊಂದರ ತುಂಡು ಸೇರಿಸಿ ಮರಿ ಮಾಡತ್ತೆ. ಅಲ್ಲಲ್ಲಿ ಅದಲು ಬದಲು ಮಾಡಿ ನೋಡತ್ತೆ. ತಲೆಮಾರು ಕಳೆದ ಹಾಗೆ ಬೆಟರ್ ಆಗತ್ತೆ. ಜೆನೆಟಿಕ್ ಅಲ್ಗಾರಿದಮ್ ಅಂತಾರೆ."

ಆಂಟಿಯ ಕಣ್ಣು ಅರಳಿತು. "ಬಹಳ ಚೆಂದ. ಕೊನೆಗೆ ಯಾವುದು ಗೆಲ್ಲತ್ತೆ ಅಂತ ನಿನಗೆ ಮೊದಲೇ ಗೊತ್ತಾ?"

"ಇಲ್ಲ ಆಂಟಿ. ಒಂದೊಂದು ಸಲ ಒಂದೊಂದು ಬರತ್ತೆ. ಮುಗಿಯೋವರೆಗೂ ನನಗೂ ಗೊತ್ತಾಗಲ್ಲ."

ಮರುದಿನ ಕಾರ್ಖಾನೆಗೆ ಹೋದೆವು. ಮುಖ್ಯಸ್ಥ ಶ್ರೀಕಂಠ ಇಬ್ಬರನ್ನು ಕರೆಸಿದರು. ಪ್ರೋಗ್ರಾಮ್ ಕೊಟ್ಟ ಶೆಡ್ಯೂಲನ್ನು ಕೆಳಗೆ ಕಳಿಸುವವರು ಪ್ಲಾನರ್ ಜಗದೀಶ. ಅದರಂತೆ ಟ್ಯಾಂಕ್ ನಡೆಸುವವನು ಸೂಪರ್‌ವೈಸರ್ ಅವಿನಾಶ್.

"ನನ್ನ ಕೈಗೆ ಬಂದ ಹಾಗೇ ರನ್ ಮಾಡಿದೆ," ಎಂದ ಅವಿನಾಶ್. "ಮಧ್ಯೆ ತೊಳೆಯೋಕೆ ಟೈಮೇ ಕೊಟ್ಟಿರಲಿಲ್ಲ."

"ನಾನೂ ಏನೂ ಕಮ್ಮಿ ಮಾಡಿಲ್ಲ ಮೇಡಂ," ಎಂದರು ಜಗದೀಶ. "ಪ್ರೋಗ್ರಾಮ್ ಇನ್ನೂ ಓಡ್ತಿರುವಾಗಲೇ ಮೊದಲಿಗೇ ಬೇಕಾದ ಕಪ್ಪು ಪಿಗ್ಮೆಂಟ್ ತರಿಸಿ ಆ ಟ್ಯಾಂಕ್ ಪಕ್ಕ ಇಡಿಸಿದ್ದೆ. ಸ್ಟೋರ್‌ನವರನ್ನೇ ಕೇಳಿ."

ಆಂಟಿ ತಲೆಯಾಡಿಸಿ ಟ್ಯಾಂಕುಗಳ ನಡುವೆ ಒಂದು ಸುತ್ತು ಹಾಕಿ ಬಂದರು. ಆಮೇಲೆ ಎಲ್ಲರನ್ನೂ ಮೀಟಿಂಗ್ ರೂಮಿನಲ್ಲಿ ಕೂರಿಸಿದರು.

"ಸ್ಪಂದನಾ, ಆ ಕಪ್ಪು ಬಿಳಿ ಎರಡನ್ನ ಹಿಂದು ಮುಂದು ಮಾಡಿ ಸ್ಕೋರ್ ನೋಡು."

ಅವಳು ಮಾಡಿದಳು. ಅಂಕ ಒಮ್ಮೆಲೇ ಏರಿತು. ಆಂಟಿ ಶ್ರೀಕಂಠರ ಕಡೆ ತಿರುಗಿದರು.

"ಬೇರೆ ಟ್ಯಾಂಕ್‌ಗಳಲ್ಲೆಲ್ಲ ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಅಂದರೆ ನಿಯಮ ಕೆಟ್ಟಿಲ್ಲ. ಸಾವಿರಾರು ಅದಲು ಬದಲು ಮಾಡಿ ನೋಡೋ ಪ್ರೋಗ್ರಾಮು ಇಷ್ಟು ಸುಲಭದ್ದನ್ನ ಬಿಟ್ಟಿತು ಅಂದರೆ ನಾನು ನಂಬಲ್ಲ. ಅದು ಸರಿಯಾಗೇ ಕೊಟ್ಟಿತ್ತು. ಆಮೇಲೆ ಯಾರೋ ಕೈಯಾಡಿಸಿದ್ದಾರೆ."

"ಯಾರು?" ಎಂದರು ಶ್ರೀಕಂಠ.

"ಅವಿನಾಶ್ ಕೈಗೆ ಅದು ಬಂದಿದ್ದು ಜಗದೀಶ್ ಅವರಿಂದ. ಆ ಟ್ಯಾಂಕಲ್ಲಿ ಕಪ್ಪೇ ಮೊದಲು ಅಂತ ಪ್ರೋಗ್ರಾಮ್ ಬರೆದ ಸ್ಪಂದನಾಗೇ ಗೊತ್ತಿರಲಿಲ್ಲ. ಪ್ರೋಗ್ರಾಮ್ ಓಡ್ತಿರುವಾಗಲೇ ಕಪ್ಪು ತಂದಿಡಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು, ಜಗದೀಶ್?"

"ಮೊದಲೆಲ್ಲ ನನ್ನನ್ನ ಕೇಳದೆ ಇಲ್ಲಿ ಒಂದು ಡಬ್ಬಾನೂ ತುಂಬ್ತಿರಲಿಲ್ಲ," ಎಂದರು ಜಗದೀಶ. "ಈಗ ಯಾರೂ ನನ್ನ ಹತ್ರ ಬರಲ್ಲ. ಒಂದು ಸಲ ಅದು ಎಡವಿದರೆ ಬರ್ತಾರೆ ಅಂದ್ಕೊಂಡೆ."

ನಾವು ಸ್ಪಂದನಾಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆವು. ಅವಳು ಮೆಲ್ಲಗೆ ಹೇಳಿದಳು: "ಸರ್, ಕಪ್ಪಿನ ಮೇಲೆ ಬಿಳಿ ಹಾಕಬಾರದು ಅಂತ ನನಗೆ ಹೇಳಿಕೊಟ್ಟೋರೇ ನೀವು. ಅದರೊಳಗಿರೋ ನಿಯಮ ಎಲ್ಲ ನಿಮ್ಮದೇ. ದಿನಾ ಅದು ನಿಮ್ಮನ್ನೇ ಕೇಳ್ತಿತ್ತು."

ಜಗದೀಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.